ಬಾಬುವಿನ ಕುದುರೆಯ ತುರಿಕೆ

ಆಗ ನನಗೆ ಅರುವತ್ತು. ಹತ್ತು ವರ್ಷದ ಹಿಂದಿನ ಮಾತು. ಅಜ್ಜಾವರದ ನಮ್ಮ ಅಂಗಳದ ಹಲಸಿನ ಮರಕ್ಕೆ ನೆರೆಮನೆಯ ಬಾಬುವಿನ ಬಿಳಿ ಕುದುರೆ ಕುತ್ತಿಗೆ ಉಜ್ಜುತ್ತಿತ್ತು. ಕೂದಲು ಉದುರಿ ರಕ್ತ ಜಿನುಗುತ್ತಿತ್ತು. ಸುಳ್ಯದ ಎಷ್ಟೋ ಮದುಮಗಂದಿರನ್ನು ಹೊತ್ತ ಕುದುರೆ ಅದು.

“ನಾಗದೋಷ ಅಂತೆ ಅಕ್ಕ. ನಾಗನಿಗೆ ತಂಬಿಲದ ಪೂಜೆ ಮಾಡಿಸಿದ್ರೂ ತುರಿಕೆ ಹೋಗುದಿಲ್ಲ. ಎಂತ ಮಾಡುದು, ನಾಳೆ ಲಾರಿ ಬರ್ತದೆ, ಮಾರಿಬಿಡುದು” ಎಂದ ಬಾಬು. ಅವನ ಕಣ್ಣು ಒದ್ದೆಯಾಗಿತ್ತು.

ನಾನು ಕುದುರೆಯ ಕುತ್ತಿಗೆಯ ಕೂದಲು ಬಿಡಿಸಿ ನೋಡಿದೆ. ಬುಡದಲ್ಲೆಲ್ಲ ಹೇನು ಹರಿದಾಡುತ್ತಿತ್ತು.

“ನಾಗನಿಗೆ ಕೊಟ್ಟದ್ದು ಒಳ್ಳೇದೇ ಮಾರಾಯ. ಆದ್ರೆ ಹೇನು ಹೆಕ್ಕುದು ನಾಗನ ಕೆಲಸ ಅಲ್ಲ. ಡಾಕ್ಟ್ರನ್ನು ಕರಿ!”

ಸಂಜೆ ದನದ ಡಾಕ್ಟರು ಬಂದು ಕುದುರೆಯ ಮೈಗೆಲ್ಲ ಮದ್ದು ಹಚ್ಚಿಸಿದರು. ಮೊಟ್ಟೆಯೊಡೆದು ಮರಿ ಬರುತ್ತದೆ, ಎರಡು ವಾರ ಬಿಟ್ಟು ಮತ್ತೊಮ್ಮೆ ಹಚ್ಚಿದರೆ ಗುಣವಾಗುತ್ತದೆ ಎಂದರು. ಕುದುರೆಯ ಬೆನ್ನಿಗೆ ಹಾಸುವ ಬಟ್ಟೆಯನ್ನು, ಅದರಲ್ಲಿದ್ದ ಹೇನು ಸಾಯಲೆಂದು, ನಮ್ಮ ಬಚ್ಚಲಿನ ಹಂಡೆಯಲ್ಲೇ ಕುದಿಸಿದೆ.

ಈಗ ಬಾಬುವೂ ಇಲ್ಲ, ಕುದುರೆಯೂ ಇಲ್ಲ. ಮದುಮಗ ಕಾರಿನಲ್ಲಿ ಹೋಗುವುದನ್ನು ಕಂಡಾಗ ಆ ಗೊರಸಿನ ಸದ್ದು ಬೇಕೆನಿಸುತ್ತದೆ. ಡಾಕ್ಟರು ಬಂದುಹೋದ ಮರುದಿನ ಬೆಳಿಗ್ಗೆ ಬಾಬು ಏಳುವ ಮೊದಲೇ ಲಾರಿ ಬಂತು. ನಾನು ಡ್ರೈವರನಿಗೆ ಚಹಾ ಕುಡಿಸಿ, ಬಂದ ದಾರಿಯಲ್ಲೇ ಖಾಲಿ ಕಳಿಸಿದೆ.