ಹಾರ್ಮೋನು ಮೇಷ್ಟರ ಮೀಸೆ

ದೆಹಲಿಯ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ವೃಷಣ, ಅಂಡಾಶಯ, ಅವುಗಳ ಹಾರ್ಮೋನುಗಳ ಪಾಠ ಬಂದಾಗ ಹಿಂದಿನ ಬೆಂಚುಗಳಲ್ಲಿ ಕಿಸಕ್ಕೆಂದು ನಗು ಹೊರಡುತ್ತದೆ. ನಾನು ಡಸ್ಟರಿನಿಂದ ಮೇಜು ಕುಟ್ಟಿ, ವಿಜ್ಞಾನದಲ್ಲಿ ನಾಚಿಕೆಗೆ ಜಾಗವಿಲ್ಲ ಎಂದು ಗದರುತ್ತೇನೆ. ಈ ಒಂದು ಮಾತಿಗೇ ನನಗೆ ಸ್ಟಾಫ್ ರೂಮಿನಲ್ಲಿ ಪ್ರಗತಿಪರನೆಂಬ ಹೆಸರಿದೆ.

ಮದುವೆಯಾಗಿ ಆರು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಇಬ್ಬರಿಗೂ ಮಗು ಬೇಕಿತ್ತು. ಪರೀಕ್ಷೆಗಳು ಮಾತ್ರ ಹೆಂಡತಿಯೊಬ್ಬಳಿಗೇ ನಡೆದವು. ಮುಟ್ಟಾದ ಎರಡನೇ ದಿನ ರಕ್ತ, ಹನ್ನೆರಡನೇ ದಿನ ಸ್ಕ್ಯಾನು, ನಡುವೆ ಮಾತ್ರೆ, ಹೊಟ್ಟೆಗೆ ಇಂಜೆಕ್ಷನ್ನು. ಸಾಲದ್ದಕ್ಕೆ ಹಾಸನದಿಂದ ಅಮ್ಮ ಫೋನಿನಲ್ಲೇ ಕೊಟ್ಟ ಅಪ್ಪಣೆಯಂತೆ, ಮಯೂರ್ ವಿಹಾರದ ನಮ್ಮ ಸೊಸೈಟಿಯ ಪಾರ್ಕಿನ ಅರಳಿಮರಕ್ಕೆ ಪ್ರತಿ ಶನಿವಾರ ನಲವತ್ತೆಂಟು ಸುತ್ತು. ಚಳಿಗಾಲದ ಹೊಗೆಯಲ್ಲಿ ಮಾಸ್ಕು ಹಾಕಿಕೊಂಡು ಸುತ್ತುತ್ತಿದ್ದಳು. ತೂಕ ಇಳಿಸಲು ಸುತ್ತುತ್ತಿದ್ದಾಳೆಂದುಕೊಂಡು, ವಾಕಿಂಗಿಗೆ ಬಂದ ಆಂಟಿಯೊಬ್ಬರು "ವೇಟ್ ಕಮ್ ಕರ್ ರಹೀ ಹೋ, ಬೇಟಾ?" ಎಂದು ಕೇಳಿದ್ದರಂತೆ. ನನ್ನ ಕೆಲಸವೆಂದರೆ ಅವಳ ರಿಪೋರ್ಟುಗಳನ್ನು ಓದಿ, ಯಾವ ಹಾರ್ಮೋನು ಏನು ಮಾಡುತ್ತದೆಂದು ಅವಳಿಗೆ ವಿವರಿಸುವುದು. ಚೆನ್ನಾಗಿಯೇ ವಿವರಿಸುತ್ತಿದ್ದೆ.

ಮೊದಲ ಭೇಟಿಯಲ್ಲೇ ಡಾಕ್ಟರು ನನಗೂ ಒಂದು ಪರೀಕ್ಷೆ ಬರೆದಿದ್ದರು. ಸೆಮಿಸ್ಟರ್ ಮುಗಿಯಲಿ ಎಂದೆ. ಸೆಮಿಸ್ಟರುಗಳು ಮುಗಿದು ಮತ್ತೆ ಶುರುವಾದವು. ನಿಜ ಹೇಳಬೇಕೆಂದರೆ ನನಗೆ ನನ್ನ ಮೀಸೆಯ ಮೇಲೆ ಪೂರ್ತಿ ಭರವಸೆಯಿತ್ತು. ಇಷ್ಟು ದಟ್ಟ ಮೀಸೆ ಬೆಳೆಸಿದ ವೃಷಣಗಳಿಗೆ ಬೇರೆ ಪರೀಕ್ಷೆ ಯಾಕೆ? ಮೀಸೆಗೂ ವೀರ್ಯಾಣುವಿಗೂ ಸಂಬಂಧವಿಲ್ಲ, ಯಾಕೆ ಎಂದು ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ ಕೇಳುವವನೂ ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಕೊನೆಗೆ ಹೊಸ ಡಾಕ್ಟರೊಬ್ಬರು, ಗಂಡನ ರಿಪೋರ್ಟ್ ಇಲ್ಲದೆ ಮತ್ತೆ ಬರಬೇಡಿ ಎಂದು ಹೆಂಡತಿಯನ್ನು ವಾಪಸು ಕಳಿಸಿದರು. ಬೇರೆ ದಾರಿಯಿಲ್ಲದೆ ಲ್ಯಾಬಿಗೆ ಹೋದೆ. ಕೌಂಟರಿನ ಹುಡುಗಿ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾ ಮುಖ ಅರಳಿಸಿ, "ಸರ್, ಆಪ್ ಹಮೇ ಪಢಾತೇ ಥೇ ನಾ?" ಎಂದಳು. ನಿಮಗೆ ಪಾಠ ಮಾಡಿದವನು ನಾನಲ್ಲ ಎಂದೆ.

ಮೂರನೇ ದಿನ ರಿಪೋರ್ಟ್ ಬಂತು. ವೀರ್ಯಾಣು ಒಂದೂ ಇರಲಿಲ್ಲ. ಎರಡನೇ ಸಲ ಕೊಟ್ಟಾಗಲೂ ಇರಲಿಲ್ಲ. ರಕ್ತದಲ್ಲಿ, ವೀರ್ಯಾಣು ಮಾಡು ಎಂದು ಮೆದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನು ವಿಪರೀತ ಏರಿತ್ತು. ಮೇಲಿನವನು ಗಂಟಲು ಹರಿದುಕೊಳ್ಳುತ್ತಿದ್ದಾನೆ, ಕೆಳಗಿನವನು ಓಗೊಡುತ್ತಿಲ್ಲ ಎಂದು ನಾನು ಬೋರ್ಡಿನ ಮೇಲೆ ಬಾಣ ಎಳೆದು ತೋರಿಸುವ ಪಾಠವೇ ಅದು. ಮೀಸೆಯ ಹಾರ್ಮೋನು ಮಾತ್ರ ಸರಿಯಾಗಿತ್ತು. ಜಟ್ಟಿ ಬಿದ್ದಿದ್ದ, ಮೀಸೆ ಮಣ್ಣಾಗಿರಲಿಲ್ಲ.

ಹೆಂಡತಿ ರಿಪೋರ್ಟನ್ನು ನಿಧಾನವಾಗಿ ಓದಿದಳು. ಇಷ್ಟು ವರ್ಷ ನಾನೇ ಕಲಿಸಿದ್ದರಿಂದ ವಿವರಿಸುವ ಅಗತ್ಯ ಬೀಳಲಿಲ್ಲ. ಅಳಲಿಲ್ಲ, ಬೈಯಲೂ ಇಲ್ಲ. "ಅತ್ತೆಗೆ ನೀವೇ ಹೇಳಿ," ಎಂದಷ್ಟೇ ಅಂದಳು. ನನಗೆ ವಿಪರೀತ ನಾಚಿಕೆಯಾಯಿತು. ಊರಿನ ಮದುವೆ ಮನೆಗಳಲ್ಲಿ ಮಡಿಲು ತುಂಬುವಾಗ ಹೆಂಗಸರು ಇವಳನ್ನು ದಾಟಿ ಮುಂದೆ ಹೋಗುತ್ತಿದ್ದುದನ್ನು ನಾನು ಎದುರಿಗೇ ನೋಡಿದ್ದೆ, ನೋಡಿ ಊಟಕ್ಕೆ ಎದ್ದಿದ್ದೆ.

ಭಾನುವಾರ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆ. ನನ್ನ ಧೈರ್ಯ ಹೆಂಡತಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿದೆ. "ಅಮ್ಮ, ತೊಂದರೆ ಇರೋದು ಅವಳಲ್ಲಿ ಅಲ್ಲ, ನನ್ನಲ್ಲಿ," ಎಂದೆ. ಆ ಕಡೆ ಮಿಕ್ಸಿಯ ಸದ್ದು ನಿಂತಿತು. ಅಮ್ಮ ದನಿ ತಗ್ಗಿಸಿದರು.

"ಅಯ್ಯೋ ಮಗನೇ, ಇದನ್ನ ಯಾರ ಹತ್ರಾನೂ ಬಾಯಿ ಬಿಡ್ಬೇಡ. ಯಾರಾದ್ರೂ ಕೇಳಿದ್ರೆ ಅವಳದ್ದೇ ತೊಂದ್ರೆ ಅಂತ ಹೇಳು. ಗಂಡಸಿನ ಮರ್ಯಾದೆ ಕಣೋ."

ನಾನು ಸ್ಪೀಕರ್ ಆರಿಸಲು ತಡಕಾಡುತ್ತಿದ್ದಾಗ ಹೆಂಡತಿ ಫೋನಿನತ್ತ ಬಾಗಿದಳು.

"ಹೇಳೋದೇನೂ ಬೇಡ ಬಿಡಿ ಅತ್ತೆ," ಎಂದಳು, "ಎಲ್ರೂ ಹಾಗೇ ಅಂದ್ಕೊಂಡಿದ್ದಾರೆ."