ಹಳೇ ಹೆಡ್‌ಸೆಟ್ಟಿಗೆ ಹೊಂದುವ ತಂತಿ

ಇವತ್ತು ಬೆಳಿಗ್ಗೆ ಹುಬ್ಬಳ್ಳಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹುಡುಗಿಯ ಕಿವಿಗೆ ಕರಿ ಹೊಟ್ಟು ಅಂಟಿತ್ತು. ಕಿವಿಗಷ್ಟೇ ಅಲ್ಲ, ಗಲ್ಲದ ಮೇಲೂ ಎರಡು ಚೂರು. ಪಕ್ಕದ ಹೆಂಗಸು ಅದನ್ನು ನೋಡಿ ಸ್ವಲ್ಪ ಸರಿದು ಕೂತಳು, ಚರ್ಮದ ರೋಗ ಎಂದುಕೊಂಡಿರಬೇಕು. ನಾನು ಆ ಹೊಟ್ಟನ್ನು ಬಲ್ಲೆ. ಆಫೀಸುಗಳಲ್ಲಿ ಇಡೀ ದಿನ ಫೋನಿನಲ್ಲಿ ಮಾತಾಡುವವರು ತಲೆಗೆ ಸಿಕ್ಕಿಸಿಕೊಳ್ಳುವ ಹೆಡ್‌ಸೆಟ್ಟು ಇರುತ್ತದಲ್ಲ, ಅದರ ಕಿವಿಯ ಮೆತ್ತೆ ಹಳೆಯದಾದರೆ ಮೇಲಿನ ನಕಲಿ ಚರ್ಮ ಹೀಗೆ ಉದುರುತ್ತದೆ; ಹುಡುಗಿ ರಾತ್ರಿ ಪಾಳಿ ಮುಗಿಸಿ ಬಂದಿರಬೇಕು. ಒಂಬತ್ತು ವರ್ಷ ಆ ಹೊಟ್ಟನ್ನು ಗುಡಿಸಿದವಳು ನಾನು.

"ಏ ತಂಗಿ, ಕಿವಿ ಒರಸ್ಕೊ. ಮೆತ್ತಿ ಉದುರಾಕತ್ತೈತಿ" ಎಂದೆ.

ಹುಡುಗಿ ನಾಚಿ ಒರೆಸಿಕೊಂಡಳು. "ಹೊಸಾ ಮೆತ್ತಿ ಕೊಡ್ರಿ ಅಂದ್ರ, ಹಳೇ ಮಾಲಿಗೆ ಸಿಗೂದಿಲ್ಲ ಅಂತಾರ ಆಯಿ."

"ಸಿಗತಾವ. ಅವರು ಹುಡುಕೂದಿಲ್ಲ."

ಇಷ್ಟು ಹೇಳಿ ಬಾಯಿ ಮುಚ್ಚಿಕೊಂಡೆ. ಹೇಳುವುದಾದರೆ ಮೊದಲಿನಿಂದ ಹೇಳಬೇಕು, ಬಸ್ಸು ಅಷ್ಟು ಹೊತ್ತು ಓಡುವುದಿಲ್ಲ. ನಿಮಗೆ ಪುರುಸೊತ್ತಿದ್ದರೆ ಕೇಳಿ. ನಾನು ಸಾಲಿ ಕಲಿತದ್ದು ಎರಡನೆಯ ಇಯತ್ತೆವರೆಗೆ. ಬರೆಯುವುದು ನಿಧಾನ, ಆದ್ದರಿಂದ ಸುಳ್ಳು ಬರೆಯುವಷ್ಟು ತ್ರಾಣ ನನ್ನಲ್ಲಿಲ್ಲ.

ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಬೀಜದ ಕಂಪನಿಯ ಆಫೀಸಿನಲ್ಲಿ ನಾನು ಕಸ ಗುಡಿಸಿ ಚಹಾ ಕೊಡುತ್ತಿದ್ದೆ. ನನ್ನೂರು ಕೆಲಗೇರಿಯಿಂದ ದಿನವೂ ಎರಡು ಬಸ್ಸು ಬದಲಿಸಿ ಹೋಗಬೇಕು. ಎಲೆ ಮುಟುರಿದೆ, ಹೂವು ಉದುರಿದೆ ಎಂದು ರೈತರು ಫೋನ್ ಮಾಡಿದರೆ ಉತ್ತರ ಹೇಳುವುದಕ್ಕೆ ಅಲ್ಲಿ ನಾಲ್ಕು ಜನ. ಮೂವರು ಕಂಪ್ಯೂಟರಿನ ಮುಂದೆ ಕೂತು ಅದನ್ನು ನೋಡಿ ಹೇಳುವವರು. ನಾಲ್ಕನೆಯವಳು ಗಿರಿಜಾ. ಅವಳಿಗೆ ಹುಟ್ಟಿನಿಂದ ಕಣ್ಣಿಲ್ಲ. ಅವಳ ಮೇಜಿನ ಮೇಲೆ ಗುಂಡಿ ಒತ್ತುವ ಹಳೆಯ ಫೋನು, ಅದಕ್ಕೆ ಜೋಡಿಸಿದ ಹಳೆಯ ಹೆಡ್‌ಸೆಟ್ಟು, ಬೆರಳಿನಿಂದ ಓದುವ ಚುಕ್ಕೆ ಅಕ್ಷರದ ದಪ್ಪ ಪುಸ್ತಕ. ಫೋನ್ ಬಂದರೆ ಎರಡೂ ಕೈ ಪುಸ್ತಕದ ಮೇಲೆ ಓಡುತ್ತಿದ್ದವು. ಆಮೇಲೆ ಒಂದು ಕೈಯಲ್ಲಿ ತೂತಿನ ಪಟ್ಟಿ ಹಿಡಿದು ಇನ್ನೊಂದು ಕೈಯಲ್ಲಿ ಮೊನೆಯ ಸಣ್ಣ ಸಲಾಕೆಯಿಂದ ಕೇಳಿದವರ ಹೆಸರು, ಊರು, ಬೆಳೆ ಎಲ್ಲ ಕಾಗದದ ಮೇಲೆ ಚುಕ್ಕೆಯಾಗಿ ಚುಚ್ಚಿ ಇಡುತ್ತಿದ್ದಳು. ಅಂದರೆ ಅವಳಿಗೆ ಎರಡು ಕೈಯೂ ಬೇಕು. ರಿಸೀವರ್ ಹಿಡಿದರೆ ಒಂದು ಕೈ ಹೋಯಿತು, ಒಂದು ಕೈ ಹೋದರೆ ಕೆಲಸವೇ ಹೋಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಗಿರಿಜಾಳನ್ನು ಪಾಪ ಎನ್ನಬೇಡಿ. ಆಕೆ ಪಾಪದವಳಲ್ಲ. ನನ್ನನ್ನು ದಿನಕ್ಕೊಮ್ಮೆಯಾದರೂ ಚುಚ್ಚದೆ ಬಿಟ್ಟವಳಲ್ಲ. "ಆಯಿ, ಚಹಾಕ್ಕ ಸಕ್ಕರಿ ಹಾಕೀರೋ, ಬರೇ ಸಕ್ಕರಿ ಹೆಸರ ಹೇಳೀರೋ?" "ಆಯಿ, ಮೂಲಿ ಗುಡಿಸಲಾರದ ಹೊಂಟ್ರಿ, ಕಸಬರಗಿ ಸಪ್ಪಳ ಅಲ್ಲೀತನ ಬರಲೇ ಇಲ್ಲ." ಕಣ್ಣಿದ್ದ ಮೂವರಿಗೆ ಕಾಣದ ಮೂಲೆ ಈಕೆಗೆ ಕೇಳುತ್ತಿತ್ತು. ನಾನೂ ಬಿಡುತ್ತಿರಲಿಲ್ಲ, "ನಿನ್ನ ಲಗ್ನ ಆಗೂ ಗಂಡಸು ಮದಲ ಕಿವ್ಯಾಗ ಹತ್ತಿ ಇಟಗೋಬೇಕು" ಎನ್ನುತ್ತಿದ್ದೆ. ಆದರೆ ರೈತರು ಫೋನ್ ಮಾಡಿ ಬೇರೆಯವರು ಎತ್ತಿದರೆ, "ಆ ಅಕ್ಕಾರ್ನ ಕೊಡ್ರಿ" ಎನ್ನುತ್ತಿದ್ದರು. ಹೋದ ವರ್ಷ ಯಾವ ಹೊಲಕ್ಕೆ ಯಾವ ರೋಗ ಬಿದ್ದಿತ್ತು ಎನ್ನುವುದು ಆಕೆಯ ಬೆರಳಿನ ತುದಿಯಲ್ಲಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬೇರೆ ಯಾರೂ ಮಾಡಿದ್ದಲ್ಲ, ನಾನೇ ಮಾಡಿದ್ದು.

ಆಯುಧ ಪೂಜೆಯ ದಿನ ಎಲ್ಲರೂ ಮಧ್ಯಾಹ್ನಕ್ಕೇ ಮನೆಗೆ ಹೊರಟರು. ಸಾಮಾನಿಗೆಲ್ಲ ಪೂಜೆ ಮಾಡಿ ಬಾಗಿಲು ಹಾಕಿಕೊಂಡು ಹೋಗು ಎಂದು ಮ್ಯಾನೇಜರ್ ಸಾಹೇಬರು ನನಗೆ ಹೇಳಿದರು. ಕುಡುಗೋಲು, ಕುರಪಿ, ಬೀಸುವ ಕಲ್ಲಿಗೆ ವಿಭೂತಿ ಹಚ್ಚಿ ಬೆಳೆದ ಕೈ ನನ್ನದು. ಪೂಜೆ ಎಂದರೆ ಜೀನತನ ಮಾಡಬಾರದು. ಕಂಪ್ಯೂಟರುಗಳಿಗೆ ಹಣೆಯ ಮೇಲೆ ಹಚ್ಚಿದೆ, ಅವಕ್ಕೆ ಹಣೆ ಅಗಲ, ಏನೂ ಆಗಲಿಲ್ಲ. ಗಿರಿಜಾಳ ಹೆಡ್‌ಸೆಟ್ಟಿಗೆ ಹಚ್ಚುವಾಗ ಯೋಚನೆ ಬಂತು: ಇದರಲ್ಲಿ ಮುಖ್ಯವಾದದ್ದು ಯಾವುದು? ಮಾತಾಡುವ ಬಾಯಿ. ಕಡ್ಡಿಯ ತುದಿಯಲ್ಲಿ ಕಡಲೆಯಷ್ಟು ದಪ್ಪ ಮೈಕು. ಅದಕ್ಕೆ ಹಸಿ ವಿಭೂತಿ ಮೂರು ಬೆರಳಿನಿಂದ ಎಳೆದೆ. ಜಾಗ ಸಣ್ಣದು, ಮೂರು ಬೆರಳಿನದೂ ಒಂದರ ಮೇಲೊಂದು ಕೂತು ತೂತು ತುಂಬಿತು. ಮೇಲೆ ಕುಂಕುಮ. ಕಾಯಿ ಒಡೆದು ಅದರ ನೀರನ್ನೂ ಚಿಮುಕಿಸಿ ಕೈ ಮುಗಿದು ಬಂದೆ. ಮೂರು ದಿನ ಆಫೀಸು ಸೂಟಿ. ಅದು ಅಲ್ಲಿಯೇ ಒಣಗಿ ಗಾರೆಯಾಯಿತು.

ಆಫೀಸು ತೆರೆದ ದಿನ ಗಿರಿಜಾ "ನಮಸ್ಕಾರ್ರಿ, ಹೇಳ್ರಿ" ಎನ್ನುತ್ತಾಳೆ, ಆ ಕಡೆಯವರು "ಹಲೋ ಹಲೋ" ಎಂದು ಬಡಕೊಂಡು ಇಡುತ್ತಾರೆ. ಹತ್ತು ಫೋನು ಹಾಗೆಯೇ ಹೋದವು. ಆಕೆ ಕಡ್ಡಿಯ ತುದಿ ಮುಟ್ಟಿ, ಉಗುರಿನಿಂದ ಕೆರೆದು, ಮೂಸಿ ನೋಡಿದಳು.

ನಾನು ಚಹಾದ ತಟ್ಟೆ ಕೆಳಗಿಟ್ಟು, "ಹಚ್ಚಿದಾಕಿ ನಾನವ್ವಾ" ಎಂದೆ.

"ದೇವ್ರಿಗೆ ಹಣಿಗೆ ಹಚ್ಚತಾರೋ, ಬಾಯಾಗ ತುಂಬತಾರೋ?"

"ತಪ್ಪಾತು."

"ತಪ್ಪಾತು ಅಂದ್ರ ಇದು ಮಾತಾಡತೈತೇನ್ರಿ?" ಎಂದವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನನಗೆ ಬೈದದ್ದಕ್ಕಿಂತ ಬೈಯದೆ ಇದ್ದದ್ದು ಕಷ್ಟವಾಯಿತು.

ಮ್ಯಾನೇಜರ್ ಕೆಟ್ಟವರಲ್ಲ. ಆದರೆ ಮೇಲಿನವರು ಅವರಿಗೆ ಹೇಳಿದ್ದನ್ನು ಕೆಳಗೆ ದಾಟಿಸುವುದೇ ಅವರ ಕೆಲಸ. "ನಿಮ್ಮ ಫೋನಿಗೆ ಸಾಮಾನು ಬರೂದು ನಿಂತೈತಿ ಗಿರಿಜಾ. ಹೊಸಾ ಹೆಡ್‌ಸೆಟ್ಟು ಕಂಪ್ಯೂಟರಿಗೆ ಅಷ್ಟ ಹತ್ತತಾವ. ಸೋಮವಾರತನಕ ನೋಡೂಣು. ಆಗಲಿಲ್ಲಂದ್ರ ಬ್ಯಾರೆಯವ್ರನ್ನ ಕೂಡಸ್ತೇವಿ" ಎಂದರು.

"ಮತ್ತ ನಾ?"

"ಆವಾಗ ನೀವು ಸದ್ಯ ಮನ್ಯಾಗ ಇರ್ರಿ. ಕರೀತೇವಿ."

ಈ ಕರೀತೇವಿ ಎನ್ನುವುದನ್ನು ನಾನು ನನ್ನ ಜೀವಮಾನದಲ್ಲಿ ಐದಾರು ಕಡೆ ಕೇಳಿದ್ದೇನೆ. ಯಾರೂ ಕರೆದಿಲ್ಲ. ಗಿರಿಜಾಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ತಂಗಿಯನ್ನು ನರ್ಸ್ ಕಲಿಯಲು ಹಾಕಿದ್ದಳು. ಅಂದು ಆಫೀಸು ತೆರೆದ ದಿನವೇ, ಮಂಗಳವಾರ. ಆ ಹೆಡ್‌ಸೆಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ನಾನು ಪೇಟೆಗೆ ಇಳಿದೆ.

ಮೊಬೈಲ್ ಅಂಗಡಿಯವರು ನಕ್ಕರು. ಒಬ್ಬ, "ಅಜ್ಜಿ, ಇದನ್ನ ಮ್ಯೂಸಿಯಮ್‌ಗೆ ಕೊಡ್ರಿ" ಎಂದ. "ನನ್ನನ್ನೂ ಕೂಡೇ ತಗೋತಾರೇನು ಕೇಳು" ಎಂದೆ. ಇನ್ನೊಬ್ಬ ಮೈಕಿನ ಮಾತು ಬಿಟ್ಟು, ಉದುರಿದ್ದ ಕಿವಿಯ ಮೆತ್ತೆಗೆ ಬದಲಾಗಿ ಅಳತೆ ನೋಡದೆ ಕಣ್ಣಂದಾಜಿನ ಮೇಲೆ ಒಂದು ಮೆತ್ತೆ ಕೊಟ್ಟ. ಹಾಕಿದರೆ ಟೊಪ್ಪಿಗೆಯಂತೆ ಜಾರಿತು. ಬುಧವಾರ ಗುಜರಿಯಲ್ಲಿ ಒಂದು ಹಳೆಯ ಹೆಡ್‌ಸೆಟ್ಟು ಸಿಕ್ಕಿತು. ತಂತಿಯ ತುದಿಯ ಗಾಜಿನಂತಹ ಸಣ್ಣ ಪಿನ್ನು ಥೇಟ್ ನಮ್ಮದರಂತೆಯೇ ಇತ್ತು. ಗೆದ್ದೆ ಎಂದುಕೊಂಡು ತಂದು ಫೋನಿಗೆ ಚುಚ್ಚಿದೆ. ಟಕ್ಕೆಂದು ಕೂತಿತು. ರೈತರ ಮಾತು ಗಿರಿಜಾಳಿಗೆ ಕೇಳಿಸಿತು, ಗಿರಿಜಾಳ ಮಾತು ಅವರಿಗೆ ಕೇಳಿಸಲಿಲ್ಲ. ಅದಕ್ಕೆ ನಾನು ವಿಭೂತಿಯನ್ನೂ ಹಚ್ಚಿರಲಿಲ್ಲ.

ಗುಜರಿಯವನೇ ಖಾದರ್ ಭಾಯಿಯ ವಿಳಾಸ ಹೇಳಿದ. ಮೊದಲು ಟೆಲಿಫೋನ್ ದುರುಸ್ತಿ ಮಾಡುತ್ತಿದ್ದವರು. ಮನೆ ಮನೆಯ ಫೋನು ಹೋದ ಮೇಲೆ ಮಿಕ್ಸರಿಗೆ ಇಳಿದಿದ್ದರು. ಅವರು ಎರಡೂ ಹೆಡ್‌ಸೆಟ್ಟು ಬಿಚ್ಚಿ ಮುಂದಿಟ್ಟರು. ನಮ್ಮ ಮೈಕು ಒಳಗೆ ಹಸಿರುಗಟ್ಟಿತ್ತು.

"ಇದು ಸತ್ತೈತಿ. ಇದರಾಗ ಕಾಯಿ ನೀರು ಹಾಕಿದವ್ರು ಯಾರು?"

"ಪೂಜಾ ಮಾಡಿದ್ವಿ."

"ಪೂಜಾ ಮಾಡ್ರಿ ಬೇಕಾದ್ರ, ಮಾಡೂಮುಂದ ಅದಕ್ಕ ಒಂದು ಪ್ಲಾಸ್ಟಿಕ್ ಚೀಲಾ ಹಾಕ್ರಿ" ಎಂದು ನಕ್ಕರು. ಆಮೇಲೆ ತಂತಿ ಸೀಳಿ ತೋರಿಸಿದರು. ಒಳಗೆ ನಾಲ್ಕು ಎಳೆ: ಕೆಂಪು, ಹಸಿರು, ಕರಿ, ಹಳದಿ. ನಡುವಿನ ಎರಡು ಕಿವಿಗೆ, ಅಂಚಿನ ಎರಡು ಬಾಯಿಗೆ. "ಪಿನ್ನು ಎಲ್ಲಾರ್ದೂ ಒಂದ. ಆದ್ರ ಎಳಿ ಕೂಡಸೂದು ಒಬ್ಬೊಬ್ಬ ಕಂಪನ್ಯಾಂವ ಒಂದೊಂದು ನಮೂನಿ. ಪಂಕ್ತ್ಯಾಗ ಎಲಿ ಹಾಸ್ಯಾರ, ಆದ್ರ ಉಪ್ಪಿನ ಜಾಗಾದಾಗ ಹೋಳಿಗಿ ಬಡಿಸ್ಯಾರ."

ಇದು ನನಗೆ ತಿಳಿಯಿತು. ನನಗೆ ಅಕ್ಷರ ಕಡಿಮೆ, ಬಣ್ಣ ಚೆನ್ನಾಗಿ ಗೊತ್ತು. ನನ್ನ ತವರಿನವರು ಬಳೆ ಮಾರುವವರು. ಗುಜರಿಯದರ ಎಳೆಯನ್ನೇ ಶನಿವಾರ ಬಂದು ಬದಲಿಸಿ ಕೂಡಿಸುತ್ತೇನೆ ಎಂದರು, ಆದರೆ ಅದರ ಕಿವಿಗೆ ಮೆತ್ತೆ ಇರಲಿಲ್ಲ. ಪೇಟೆಯಲ್ಲಿ ನೂರು ಅಳತೆಯ ಮೆತ್ತೆ ಇವೆ, ಯಾವ ಅಳತೆ ಎಂದು ಹೇಳಲು ಯಾರಿಗೂ ಬರುವುದಿಲ್ಲ. ನಾನು ಮರುದಿನಕ್ಕೆ ಕಾಯದೆ ಅಂದು ಸಂಜೆಯೇ ತಮ್ಮನ ಬಳೆ ಅಂಗಡಿಗೆ ಹೋಗಿ ಮಕ್ಕಳ ಬಳೆಗಳನ್ನು ಒಂದೊಂದಾಗಿ ಆ ಕಿವಿಯ ತಟ್ಟೆಯ ಮೇಲೆ ಇಳಿಸಿ ನೋಡಿದೆ. ಎರಡರ ಅಳತೆಯ ಬಳೆ ಬಿಗಿಯಾಗಿ ಕೂತಿತು. ಅದೇ ಬಳೆಯ ಸುತ್ತಳತೆಗೆ ಹಳೆಯ ಇಳಕಲ್ ಸೀರೆಯ ತುಂಡು ಕತ್ತರಿಸಿ, ನಡುವೆ ತೆಳುವಾಗಿ ಸ್ಪಂಜು ಇಟ್ಟು, ಕೌದಿಗೆ ಹಾಕುವ ಹೊಲಿಗೆಯನ್ನೇ ಸುತ್ತ ಹಾಕಿದೆ. ಹಿಂದೆ ರಬ್ಬರ್ ದಾರ. ಗಿರಿಜಾ ಮುಟ್ಟಿ ನೋಡಿ, "ಬಣ್ಣ ಯಾವುದು?" ಎಂದಳು. ಎರಡು ದಿನದ ಮೇಲೆ ಅದೇ ಮೊದಲ ಮಾತು.

"ಕೆಂಪು ಅಂಚು."

"ಕಿವೀಗೆ ಲಗ್ನ ಇದ್ದಂಗೈತಿ" ಎಂದಳು. ಕೋಪ ಅರ್ಧ ಇಳಿದಿತ್ತು.

ಶನಿವಾರ ಆಫೀಸು ಮುಗಿದ ಮೇಲೆ ಖಾದರ್ ಭಾಯಿ ಡಬ್ಬಿ ಹಿಡಿದು ಬಂದರು. ಯಾವ ಎಳೆಗೆ ಯಾವುದು ಎಂದು ಜೋಡಿಸಿ ಜೋಡಿಸಿ ನೋಡಬೇಕು, ಪ್ರತಿ ಸಲ ಆ ಕಡೆಯಿಂದ ಒಬ್ಬರು ಕೇಳಬೇಕು. ನಾನು ನನ್ನ ಸಣ್ಣ ಮೊಬೈಲ್ ಹಿಡಿದು ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತೆ. ಒಳಗೆ ಗಿರಿಜಾ ಮಾತಾಡುತ್ತಿರಬೇಕು ಎಂದು ಮಾತಾಗಿತ್ತು. ಮೊದಲ ಜೋಡಣೆ, ಏನೂ ಇಲ್ಲ. ಎರಡನೆಯದು, ಗುಂಯ್ ಎನ್ನುವ ಸದ್ದು. ನಾನು ಒಳಗೆ ಹೋಗಿ ಇಲ್ಲ ಎಂದು ಕೈಯಾಡಿಸುವುದು, ಮತ್ತೆ ಹೊರಗೆ ಬರುವುದು. ಮೊಣಕಾಲು ಶಾಪ ಹಾಕಿತು. ಅಂಚಿನ ಎರಡು ಎಳೆ ಅದಲು ಬದಲು ಮಾಡಿದಾಗ ಕಿವಿಯಲ್ಲಿ ಬಾವಿಯೊಳಗಿನಿಂದ ಬಂದಂತೆ ದನಿ ಬಂತು: "...ಮುದುಕಿಗೆ ಬುದ್ಧಿ ಇಲ್ಲ ಕಾಕಾ, ಕೈ ಮಾತ್ರ ಭಾಳ ಛಲೋ. ಕಸಾ ಹೊಡ್ಯೂದೊಂದು ಬಿಟ್ಟು ಎಲ್ಲಾ ಬರತೈತಿ..."

"ಕೇಳಾಕತ್ತೈತಿ!" ಎಂದು ನಾನು ಬೀದಿಯಲ್ಲಿ ಕೂಗಿದೆ. ತನ್ನನ್ನೇ ಕರೆದೆ ಎಂದುಕೊಂಡು ಹೋಗುತ್ತಿದ್ದ ಆಟೋ ನಿಂತಿತು.

"ಏನ್ ಕೇಳಿಸ್ತು?" ಎಂದಳು ಗಿರಿಜಾ ಫೋನಿನಲ್ಲಿಯೇ.

"ಎಲ್ಲಾ ಕೇಳಿಸ್ತು."

"ಕೈ ಛಲೋ ಅಂದದ್ದೂ ಕೇಳಿಸ್ತೋ?" ಎಂದಳು.

ಸೋಮವಾರ ಮ್ಯಾನೇಜರ್ ಅವಳ ಮೇಜಿನ ಹಿಂದೆ ಬಂದು ನಿಂತರು. ನಾನು ಒರೆಸಿದ ನೆಲವನ್ನೇ ಮತ್ತೆ ಒರೆಸಿದೆ. ಮೊದಲ ಫೋನು ನವಲಗುಂದ ಕಡೆಯ ಒಬ್ಬ ಮೆಣಸಿನಕಾಯಿ ಬೆಳೆಗಾರನದು. ಗಿರಿಜಾ ನಮಸ್ಕಾರ ಎಂದಳು. ಆಮೇಲೆ ಅವಳ ಎರಡೂ ಕೈ ಪುಸ್ತಕದ ಮೇಲೆ ಓಡತೊಡಗಿದವು. ಅದನ್ನು ನೋಡಿದ ಮೇಲೆ ನಾನು ನೆಲ ಒರೆಸುವುದು ಬಿಟ್ಟೆ. ಫೋನು ಇಟ್ಟ ಮೇಲೆ ಸಾಹೇಬರು, "ಏನಂದ್ರು?" ಎಂದು ಕೇಳಿದರು.

"ಎಂಟು ದಿನ ಎಲ್ಲಿ ಹೋಗಿದ್ರಿ ಅಕ್ಕಾರ, ಎಲಿಯೆಲ್ಲಾ ಮುಟುರಿ ಹೋದಾವ ಅಂತ ಬೈದ್ರು" ಎಂದಳು. ಬೈಸಿಕೊಂಡು ಇಷ್ಟು ಖುಷಿಯಾದ ಮನುಷ್ಯರನ್ನು ನಾನು ನೋಡಿಲ್ಲ. ಸಾಹೇಬರು ತಮ್ಮ ಕೋಣೆಗೆ ಹೋದರು. ಬೇರೆಯವರನ್ನು ಕೂಡಿಸುವ ಮಾತು ಮತ್ತೆ ಬರಲಿಲ್ಲ.

ಮೊಣಕಾಲಿನಿಂದಾಗಿ ನಾನು ಕೆಲಸ ಬಿಟ್ಟು ಎರಡು ವರ್ಷವಾಯಿತು. ಸುಮ್ಮನೆ ಕೂತಿಲ್ಲ. ಖಾದರ್ ಭಾಯಿಯ ಅಂಗಡಿಯಲ್ಲಿ ವಾರಕ್ಕೆರಡು ದಿನ ಕೂತು ತಂತಿ ಸುಲಿಯುವುದು, ಬೆಸುಗೆ ಹಾಕುವುದು ಕಲಿತೆ. ಅವರ ಕೈ ಈಗ ನಡುಗುತ್ತದೆ. "ನನ್ನ ತಲಿ, ನಿನ್ನ ಕೈ, ಇಬ್ಬರೂ ಕೂಡಿ ಒಂದು ಮೆಕ್ಯಾನಿಕ್" ಎನ್ನುತ್ತಾರೆ. ಬೆರಳು ಸುಟ್ಟುಕೊಂಡದ್ದನ್ನು ಲೆಕ್ಕ ಹಾಕಿಲ್ಲ.

ಹೋದ ವಾರ ಗಿರಿಜಾ ಫೋನ್ ಮಾಡಿದ್ದಳು. ಅವಳು ಕಲಿಸಿದ ಇನ್ನೊಬ್ಬ ಹುಡುಗಿ, ಸಾವಿತ್ರಿ, ಅವಳಿಗೂ ಕಣ್ಣಿಲ್ಲ, ಅದೇ ಆಫೀಸಿನಲ್ಲಿ ಕೆಲಸಕ್ಕೆ ಬಂದಿದ್ದಾಳೆ. ಮೂಲೆಯಲ್ಲಿ ಬಿದ್ದಿದ್ದ ಬೇರೆ ಕಂಪನಿಯ ಫೋನು ಕೊಟ್ಟಿದ್ದಾರೆ, ಅದಕ್ಕೆ ಹೆಡ್‌ಸೆಟ್ಟು ಹೊಂದುತ್ತಿಲ್ಲ. ಆಗದಿದ್ದರೆ ಸಾವಿತ್ರಿಯೂ ಮನೆಯಲ್ಲೇ ಇರಬೇಕಾಗುತ್ತದೆ. "ಬರ್ರಿ ಆಯಿ, ಲಗೂ ಬರ್ರಿ" ಎಂದಳು. ಇವತ್ತು ಆ ಬಸ್ಸಿನಲ್ಲಿ ಹೊರಟದ್ದು ಅದಕ್ಕೇ.

ಆಫೀಸಿಗೆ ನನ್ನ ಜೊತೆ ಬಂದಿದ್ದ ಖಾದರ್ ಭಾಯಿ ಕುರ್ಚಿಯಲ್ಲಿ ಕೂತು ಬೈದರು, ನಾನು ನೆಲದ ಮೇಲೆ ಕೂತು ಎಳೆ ಜೋಡಿಸಿದೆ. ಈ ಸಲ ಅಂಚಿನವು ಸರಿ ಇದ್ದವು, ನಡುವಿನವು ಜಾಗ ತಪ್ಪಿದ್ದವು. ಮೂರನೆಯ ಸಲಕ್ಕೆ ಸರಿ ಬಂದಂತೆ ಕಂಡಿತು. ನಾವು ನಾವೇ ಮಾತಾಡಿ ನೋಡಿದೆವು. ಆದರೆ ಹೊರಗಿನವರ ಫೋನು ಬರಬೇಕಲ್ಲ, ಅದನ್ನು ಆ ಹುಡುಗಿ ಎತ್ತಬೇಕಲ್ಲ. ಸಾವಿತ್ರಿಯ ಅಂಗೈ ಬೆವರಿತ್ತು. ನಾನು ಅಲ್ಲಿದ್ದರೆ ಇನ್ನೂ ಬೆವರುತ್ತಾಳೆ ಎಂದು ಹೊರಗೆ ಬಂದೆ.

ಗೇಟಿನಲ್ಲಿ ಹೊಸ ವಾಚ್‌ಮನ್ ದೊಡ್ಡ ಪುಸ್ತಕ ಮುಂದಿಟ್ಟ. "ಬರೂಮುಂದ ಸಹಿ ಮಾಡೀರಿ. ಹೋಗೂಮುಂದನೂ ಬರೀಬೇಕ್ರಿ. ಯಾವ ಕೆಲಸ, ಆತೋ ಇಲ್ಲೋ."

ನಾನು ಪೆನ್ನು ಹಿಡಿದು ನಿಧಾನವಾಗಿ ಬರೆದೆ: ತಂತಿ ಕೂಡಿಸುವುದು. ಆತೋ ಇಲ್ಲೋ ಎನ್ನುವ ಮುಂದಿನ ಚೌಕದಲ್ಲಿ ಪೆನ್ನು ನಿಲ್ಲಿಸಿದೆ.

"ಲಗೂ ಬರೀರಿ ಅಜ್ಜಿ, ಹಿಂದ ಮಂದಿ ನಿಂತಾರ."

"ತಡಿಯಪಾ."

ಒಳಗೆ ಮೂಲೆಯ ಮೇಜಿನ ಫೋನು ಹೊಡೆದುಕೊಂಡಿತು. ಒಂದು ಸಲ ಗಂಟೆ. ಎರಡನೆಯದು ಬರಲಿಲ್ಲ. ಕಿಟಕಿಯಿಂದ ಎಳೆ ದನಿಯೊಂದು, ಮೊದಲು ತಡವರಿಸುತ್ತ, ಆಮೇಲೆ ನೆಟ್ಟಗೆ, ಯಾವೂರ್ರಿ, ಏನು ಬೆಳಿ ಹಾಕೀರಿ ಎಂದು ಕೇಳತೊಡಗಿತು.

ಆತು ಎಂದು ಬರೆದು ಪೆನ್ನು ಕೊಟ್ಟೆ.