ಎಣ್ಣಿ ಡಬ್ಬಿಯಲ್ಲಿ ಬಂದ ನೀರು

ನೀರು ಪರೀಕ್ಷೆ ಮಾಡಿಸಲು ಹೋದವರನ್ನು ಡಬ್ಬಿ ಸಮೇತ ವಾಪಸ್ ಕಳಿಸಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಹೋದ ವಾರ ನಮ್ಮನ್ನು ಕಳಿಸಿದರು.

ನಮ್ಮನ್ನು ಅಂದರೆ ನನ್ನನ್ನು ಮತ್ತು ಮಾಮಾನನ್ನು. ಮಾಮಾ ನನ್ನ ಅಕ್ಕನ ಗಂಡ. ಬೆಲ್ಲದ ಬಾಗೇವಾಡಿಯಲ್ಲಿ ಕಬ್ಬಿನ ಹೊಲ, ಹೊಲದಲ್ಲೇ ಮನೆ, ಮನೆ ಪಕ್ಕ ಬಾವಿ. ಗೋಕಾಕದಿಂದ ಕಾರು ಒಯ್ದು ಅವರನ್ನು ಹತ್ತಿಸಿಕೊಂಡವನು ನಾನೇ. ಅವರ ಕಾಲ ಬಳಿಯಿದ್ದ ಡಬ್ಬಿಯನ್ನು ನಾನು ನೋಡಲೇ ಇಲ್ಲ. ಲ್ಯಾಬಿನ ಹೆಣ್ಣುಮಗಳು ನೋಡಿದಳು.

"ಕಾಕಾರ, ಇದು ಕಸಕ್ಕ ಹೊಡಿಯೋ ಎಣ್ಣಿ ಡಬ್ಬಿ ಅಲ್ಲೇನ್ರಿ?"

"ಹೌದ್ರಿ. ಸೋಪ್ ಹಚ್ಚಿ ಛಲೋತ್ನಂಗ ತೊಳದೇನ್ರಿ."

(ಹುಳಕ್ಕೋ ಕಳೆಗೋ ಹೊಡೆಯುವ ಔಷಧಕ್ಕೆಲ್ಲ ನಮ್ಮ ಕಡೆ 'ಎಣ್ಣಿ' ಎನ್ನುತ್ತಾರೆ. ಎಣ್ಣಿ ಮುಗಿದ ಮೇಲೆ ಡಬ್ಬಿ ಬಿಸಾಡುವವರು ಯಾರು? ಗಟ್ಟಿ ಪ್ಲಾಸ್ಟಿಕ್, ಬಿಗಿ ಮುಚ್ಚಳ. ಹೊಲಕ್ಕೆ ಕುಡಿಯುವ ನೀರು ಒಯ್ಯುವುದೂ ಅದರಲ್ಲೇ.)

"ಯಾವುದನ್ನ ಹುಡುಕಾಕ ಬಂದೀರಿ, ಅದರಾಗ ತುಂಬಕೊಂಡ ಬಂದೀರಲ್ರಿ!"

ನನಗೆ ನಗು ಬಂತು. ಮಾಮಾನ ಮುಖ ನೋಡಿ ನುಂಗಿಕೊಂಡೆ.

ನಗುವ ವಿಷಯವಲ್ಲ ಅದು. ಅಕ್ಕನ ಮಗಳು ಗೀತಾ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಹೋದ ಸಲವೂ ಬಂದಿದ್ದಳು. ಕೂಸು ಉಳಿಯಲಿಲ್ಲ. ಯಾಕೆ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ನೀರಿನಿಂದಲೇ ಎಂದು ನಾನೂ ಹೇಳುತ್ತಿಲ್ಲ. ಆದರೆ ಮಳೆಯಾದ ಮೇಲೆ ಬಾವಿ ನೀರಿಗೆ ಏನೋ ವಾಸನೆ ಎಂದು ಗೀತಾ ಅಂದಾಗಿನಿಂದ ಅಕ್ಕನಿಗೆ ನಿದ್ದೆ ಹತ್ತುತ್ತಿಲ್ಲ.

ಮಾಮಾನ ಪರೀಕ್ಷೆಯೇ ಬೇರೆ. "ಬ್ಯಾಳಿ ಬೆಣ್ಣಿ ಆದಂಗ ಕುದಿತೈತಿ. ನೀರಿಗೇನ ಆಗೇತಿ?"

ಬೇಳೆ ಬೆಂದರೆ ನೀರು ಒಳ್ಳೆಯದು. ಹಿರಿಯರ ಈ ಲೆಕ್ಕ ಸುಳ್ಳೇನಲ್ಲ, ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಆದರೆ ಹಿರಿಯರು ಕಳೆಯನ್ನು ಕೈಯಿಂದ ಕೀಳುತ್ತಿದ್ದರು. ನಾವು ಪಂಪ್ ಬೆನ್ನಿಗೆ ಹಾಕಿಕೊಂಡು ಎಣ್ಣಿ ಹೊಡೆಯುತ್ತೇವೆ. ಹೊಡೆದಾದ ಮೇಲೆ ಪಂಪ್ ತೊಳೆಯುವುದು ಎಲ್ಲಿ? ಬಾವಿ ಕಟ್ಟೆಯ ಮೇಲೆ! (ಪಾಪ, ಬೇಳೆಗೆ ಅದೆಲ್ಲ ಹೇಗೆ ಗೊತ್ತಾಗಬೇಕು?)

ಮರುದಿನ ಲ್ಯಾಬಿನವರೇ ಕೊಟ್ಟ ಬಾಟಲಿಯಲ್ಲಿ ನೀರು ಒಯ್ದು ಕೊಟ್ಟೆವು. ಮೊನ್ನೆ ರಿಪೋರ್ಟ್ ತರಲು ಹೋದೆವು. ಗಡಸುತನ, ಫ್ಲೋರೈಡ್, ನೈಟ್ರೇಟ್ ಎಲ್ಲ ನಾರ್ಮಲ್. ಮಾಮಾನ ಮುಖ ಅರಳಿತು.

"ಎಣ್ಣಿದು?" ಎಂದು ನಾನು ಕೇಳಿದೆ.

"ಅವತ್ತ ಹೇಳಬೇಕಿತ್ರಿ ಸರ್, ಅದನ್ನ ನೋಡೋ ಮಶೀನ್ ನಮ್ಮಲ್ಲಿ ಇಲ್ಲ. ದೊಡ್ಡ ಲ್ಯಾಬಿಗೆ ಕಳಸಬೇಕು. ಯಾವ ಕೆಮಿಕಲ್ ಹುಡುಕಬೇಕಂತ ಅವರೂ ಹೆಸರು ಕೇಳತಾರ."

ಮಾಮಾ ಹೊಡೆದದ್ದರ ಹೆಸರು ಡಬ್ಬಿಯ ಮೇಲಿದೆ. ಬಾಜೂ ಹೊಲದವರದ್ದು? ನಾವೆಲ್ಲ ನುಂಗಿ ಬಚ್ಚಲಿಗೆ ಬಿಡುವ ಮಾತ್ರೆಗಳದ್ದು? ಮಣ್ಣಿಗಿಳಿದ ಮೇಲೆ ಅದು ಮತ್ತೇನೋ ಆಗಿದ್ದರೆ? ಹೆಸರೇ ಗೊತ್ತಿಲ್ಲದ್ದನ್ನು ಏನೆಂದು ಹುಡುಕಿಸುವುದು?

"ಕುದಿಸಿ ಆರಿಸಿ ಕುಡದ್ರ?" ಮಾಮಾ ಕೇಳಿದರು.

"ಕುದಿಸಿದ್ರ ಹುಳ ಸಾಯ್ತಾವ್ರಿ ಕಾಕಾ. ಇಂಥಾವು ಭಾಳಷ್ಟು ಹಂಗ ಉಳೀತಾವ. ಕಾರ್ಬನ್ ಫಿಲ್ಟರ್ ಕೆಲವೊಂದನ್ನ ಹಿಡೀತೈತಿ. ಎಷ್ಟು ಹಿಡೀತು ಅಂತ ತಿಳಕೊಳ್ಳಾಕ ಮತ್ತ ಅದ ಮಶೀನ್ ಬೇಕಲ್ರಿ."

ವಾಪಸ್ ಬರುವಾಗ ಕಾರು ಯಮಕನಮರಡಿ ದಾಟಿತು. ಮಾಮಾ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು: "ಬಾವಿ ಕಟ್ಟಿ ಮ್ಯಾಲೆ ಪಂಪ್ ತೊಳದಾಂವ ನಾನ ತಮ್ಮಾ. ಬ್ಯಾರೆ ಯಾರೂ ಅಲ್ಲ."

ಸಮಾಧಾನಕ್ಕೆ ಏನಾದರೂ ಹೇಳಬೇಕಿತ್ತು. ನಾನು ಫಿಲ್ಟರಿನ ರೇಟಿನ ಮಾತು ತೆಗೆದೆ.

ಮನೆಯಲ್ಲಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ರಿಪೋರ್ಟಿನಲ್ಲಿ ಇದ್ದದ್ದನ್ನೂ, ಇಲ್ಲದ್ದನ್ನೂ. ಫಿಲ್ಟರ್ ಹಾಕಿಸೋಣ, ನಾಳೆಯಿಂದ ಗೋಕಾಕದ ಕ್ಯಾನ್ ನೀರು ತರುತ್ತೇನೆ ಎಂದೆ. (ಆ ಕ್ಯಾನಿನ ನೀರು ಎಲ್ಲಿಯದು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.)

ಅಷ್ಟರಲ್ಲಿ ಒಳಗಿನಿಂದ ಗೀತಾ, "ಅವ್ವಾ, ನೀರು ಕೊಡು," ಎಂದಳು. ಅಕ್ಕ ಅಭ್ಯಾಸದಂತೆ ಬಾವಿ ನೀರಿನ ಕೊಡದಿಂದ ತಂಬಿಗೆ ತುಂಬಿದಳು. ಎರಡು ಹೆಜ್ಜೆ ಹೋದವಳು ನಿಂತಳು. ನನ್ನ ಕಡೆ ತಿರುಗಿದಳು.

"ನೀ ಓದಿದಾಂವ ಅದಿ, ಹೇಳು. ಈಗ ಇದನ್ನ ಕೊಡ್ಲೋ, ಬ್ಯಾಡೋ?"